ಪೇಡೆಯವನು ಮಾರಿದ ಒಲೆ

"ಗುರುಗಳೇ, ಒಂದು ಸುಳ್ಳನ್ನೂ ಆಡದವನಿಗೆ ಪಾಪ ಅಂಟುತ್ತದೆಯೇ?" ಎಂದು ಶಿಷ್ಯ ಕೇಳಿದ.

ಗುರುಗಳು ಅವನನ್ನು ಎದುರಿಗೆ ಕೂರಿಸಿಕೊಂಡು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಪೇಡೆ ಮಾಡಿ ಮಾರುವ ಒಬ್ಬ ವ್ಯಾಪಾರಿ ಇದ್ದ. ತೂಕದಲ್ಲಿ ಮೋಸವಿಲ್ಲ, ಮಾತಿನಲ್ಲಿ ಸುಳ್ಳಿಲ್ಲ ಎಂದು ಹೆಸರಾದವನು. ನಿನ್ನೆಯ ಪೇಡೆಯನ್ನು ಇಂದಿನದೆಂದು ಎಂದೂ ಮಾರಿದವನಲ್ಲ. ಆ ಹೆಸರೆಂದರೆ ಅವನಿಗೆ ಪ್ರಾಣ.

ಹಾಲು ಕಾಯಿಸಲು ಅವನ ಬಳಿ ಒಂದು ಪೆಲೆಟ್ ಒಲೆ ಇತ್ತು. ಮರದ ಪುಡಿಯನ್ನೋ ಶೇಂಗಾ ಸಿಪ್ಪೆಯನ್ನೋ ಒತ್ತಿ ಮಾಡಿದ, ಕಿರುಬೆರಳಿನಷ್ಟು ದಪ್ಪದ ತುಂಡುಗಳನ್ನು ಅದರ ಡಬ್ಬಿಗೆ ಸುರಿದರೆ ಸಾಕು. ಫ್ಯಾನು ಗಾಳಿ ಊದಿ ಉರಿಸುತ್ತದೆ. ಹಿಂದಿನ ಕೊಳವೆ ಕೆಟ್ಟ ಗಾಳಿಯನ್ನು ಗೋಡೆಯಾಚೆ ಒಯ್ಯುತ್ತದೆ. ಕಣ್ಣಿಗೆ ಉರಿಯಿಲ್ಲ, ಗೋಡೆಗೆ ಮಸಿಯಿಲ್ಲ.

ಮೂರು ವರ್ಷ ಚೆನ್ನಾಗಿ ನಡೆಯಿತು. ನಾಲ್ಕನೆಯ ವರ್ಷ, ಒಲೆಯ ಮುಂದೆ ಕೂತಾಗಲೆಲ್ಲ ಅವನಿಗೆ ತಲೆ ಸಿಡಿಯತೊಡಗಿತು. ಒಂದು ದಿನ ಕಣ್ಣು ಕತ್ತಲೆಗಟ್ಟಿ ಬಾಣಲೆಯ ಪಕ್ಕದಲ್ಲೇ ಕುಸಿದ. ರಿಪೇರಿಯವನು ಬಂದು ನೋಡಿದ. ಕೊಳವೆ ಒಲೆಗೆ ಸೇರುವಲ್ಲಿ ಬಿರುಕು ಬಿಟ್ಟಿತ್ತು.

"ಇಲ್ಲಿಂದ ಸೋರುವ ಗಾಳಿ ಕಣ್ಣಿಗೆ ಕಾಣುವುದಿಲ್ಲ, ಮೂಗಿಗೂ ಬಡಿಯುವುದಿಲ್ಲ. ಕಿಟಕಿ ತೆರೆದಿತ್ತು, ಬದುಕಿಕೊಂಡಿರಿ. ಮುಚ್ಚಿದ ಕೋಣೆಯಾದರೆ ಮನುಷ್ಯ ಉಳಿಯುವುದಿಲ್ಲ. ಈ ಭಾಗವನ್ನೇ ಬದಲಿಸಬೇಕು," ಎಂದು ಹೇಳಿ, ಸದ್ಯಕ್ಕೆ ಮಣ್ಣು ಮೆತ್ತಿ ಹೋದ.

ವ್ಯಾಪಾರಿ ಬದಲಿಸಲಿಲ್ಲ. ಗ್ಯಾಸು ಹಾಕಿಸಿಕೊಂಡು ಒಲೆಯನ್ನು ಮಾರಾಟಕ್ಕಿಟ್ಟ.

ಖಾನಾವಳಿ ನಡೆಸುವ ಒಬ್ಬ ಹೆಂಗಸು ಕೊಳ್ಳಲು ಬಂದಳು. ಜೊತೆಗೆ ಅವಳಲ್ಲಿ ರೊಟ್ಟಿ ಬಡಿಯುವ ದ್ಯಾಮವ್ವ. ಕಟ್ಟಿಗೆಯ ಹೊಗೆಗೆ ಇಬ್ಬರ ಕಣ್ಣೂ ಕೆಂಪಾಗಿದ್ದವು. ಹೆಂಗಸು ಒಂದೊಂದನ್ನೇ ಕೇಳಿದಳು. ಎಷ್ಟು ವರ್ಷದ್ದು, ಡಬ್ಬಿಗೆ ತುಕ್ಕು ಹಿಡಿದಿದೆಯೇ, ಫ್ಯಾನು ಹೇಗಿದೆ. ಎಲ್ಲಕ್ಕೂ ಅವನು ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಫ್ಯಾನು ಇನ್ನೊಂದು ವರ್ಷ ಬಂದರೆ ಹೆಚ್ಚು ಎಂಬುದನ್ನೂ ಹೇಳಿದ.

"ಯಾವ ಪೆಲೆಟ್ ತರಲಿ ಅಣ್ಣಾ?"

"ಶೇಂಗಾ ಸಿಪ್ಪೆಯದು ಅಗ್ಗ ತಂಗಿ, ಆದರೆ ಬೂದಿ ಬಹಳ. ಮರದ ಪುಡಿಯದನ್ನೇ ತಾ. ಬಣ್ಣ ಬಳಿದ ಮರದ್ದಾದರೆ ಮುಟ್ಟಬೇಡ. ಒಂದನ್ನು ಮುರಿದು ನೋಡು. ಟಕ್ಕೆಂದು ಮುರಿದರೆ ಒಣಗಿದೆ, ಪುಡಿಯಾದರೆ ತೇವ ಹಿಡಿದಿದೆ. ತೇವ ಮಾತ್ರ ತಾಕಿಸಬೇಡ."

ದ್ಯಾಮವ್ವ ಒಂದನ್ನು ಎತ್ತಿ ಮುರಿದಳು. "ಖಡಕ್ ರೊಟ್ಟಿ ಮುರಿದ ಹಾಗಾಯಿತಲ್ಲೇ!" ಎಂದು ನಕ್ಕಳು.

ಕೊಳವೆಯ ಬಗ್ಗೆ ಅವರು ಕೇಳಲಿಲ್ಲ. ಮಾತು ವ್ಯಾಪಾರಿಯ ನಾಲಗೆಯ ತುದಿಗೆ ಬಂತು. ಹೇಳಿದರೆ ಕೊಳ್ಳುವುದಿಲ್ಲ. ಮಣ್ಣು ಮೆತ್ತಿಯಾಗಿದೆ, ಖಾನಾವಳಿಯೆಂದ ಮೇಲೆ ಬಾಗಿಲು ತೆರೆದೇ ಇರುತ್ತದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಕೇಳಿದ್ದರೆ ಹೇಳುತ್ತಿದ್ದೆ ಎಂದೂ ಅಂದುಕೊಂಡ. ಒಲೆಯನ್ನು ಗಾಡಿಗೆ ಏರಿಸಲು ತಾನೇ ಕೈ ಕೊಟ್ಟ.

ಆಷಾಢದಲ್ಲಿ ಜಿಟಿಜಿಟಿ ಮಳೆ ಹಿಡಿಯಿತು. ಮೂರನೆಯ ದಿನ ಬೆಳಿಗ್ಗೆ ಅವನು ತಟ್ಟೆಯಲ್ಲಿ ಪೇಡೆ ಜೋಡಿಸುತ್ತಿದ್ದಾಗ ಗಿರಾಕಿಯೊಬ್ಬ ಓಡಿಬಂದ.

"ಕೇಳಿದಿರಾ? ಖಾನಾವಳಿಯಲ್ಲಿ ಇಬ್ಬರು ಹೆಂಗಸರು ಒಲೆಯ ಮುಂದೆ ಬಿದ್ದಿದ್ದರಂತೆ. ಬಾಗಿಲು ಒಡೆದು ಎತ್ತಿಕೊಂಡು ಹೋದರು."

ವ್ಯಾಪಾರಿಯ ಐದು ಬೆರಳೂ ಪೇಡೆಯಲ್ಲಿ ಹೂತುಹೋದವು. ಯಾವ ಖಾನಾವಳಿ ಎಂದು ಅವನು ಕೇಳಲಿಲ್ಲ. ಅಂಗಡಿಗೆ ಬಾಗಿಲು ಹಾಕದೆ, ಕೈ ತೊಳೆಯದೆ, ಮಳೆಯಲ್ಲೇ ಆಸ್ಪತ್ರೆಗೆ ನಡೆದ.

ದ್ಯಾಮವ್ವನ ಮುಖದ ಮೇಲೆ ಬಟ್ಟೆ ಎಳೆದಿದ್ದರು. ಪಕ್ಕದ ಮಂಚದಲ್ಲಿ ಹೆಂಗಸಿಗೆ ಆಗಷ್ಟೇ ಎಚ್ಚರ ಬಂದಿತ್ತು. ಏನಾಯಿತೆಂಬುದು ಸುತ್ತ ನಿಂತವರಿಗೆ ಇನ್ನೂ ತಿಳಿದಿರಲಿಲ್ಲ. ಅವನನ್ನು ಕಂಡು ಅವಳು ಏಳಲು ನೋಡಿದಳು.

"ಒಲೆ ಕೊಟ್ಟವರು ಇವರೇ," ಎಂದು ಅವರಿಗೆ ಹೇಳಿದಳು. "ಇವರದು ತಪ್ಪಿಲ್ಲ. ಒಂದನ್ನೂ ಮುಚ್ಚಿಡದೆ ಹೇಳಿದ್ದರು." ಆಮೇಲೆ ಅವನತ್ತ ತಿರುಗಿದಳು. "ಮಳೆಗೆ ಮರದ ಪುಡಿಯದು ಸಿಗಲಿಲ್ಲ ಅಣ್ಣಾ. ಬೇಡವೆಂದರೂ ಶೇಂಗಾ ಸಿಪ್ಪೆಯದನ್ನೇ ತಂದೆ. ತೇವ ತಾಕಬಾರದೆಂದಿದ್ದಿರಲ್ಲ, ಚೀಲಗಳನ್ನು ಒಳಗೇ ಇಟ್ಟು ಕಿಟಕಿ ಬಾಗಿಲು ಭದ್ರ ಮಾಡಿದ್ದೆವು. ಆದರೂ ಹೀಗಾಯಿತು. ನನ್ನ ಆ ಅಗ್ಗದ ಪೆಲೆಟ್ಟಿನಿಂದಲೇ ಅಲ್ಲವೇ? ದ್ಯಾಮವ್ವನನ್ನು ನಾನೇ ಕೊಂದೆ, ಅಲ್ಲವೇ ಅಣ್ಣಾ?"

ವ್ಯಾಪಾರಿಗೆ ಹೊಳೆಯಿತು, ಕಿಟಕಿ ಮುಚ್ಚಿಸಿದ್ದು ತನ್ನದೇ ಮಾತು. ಈಗ ಹೌದೆನ್ನಬೇಕಾಗಿಯೂ ಇರಲಿಲ್ಲ. ಸುಮ್ಮನೆ ನಿಂತಿದ್ದರೆ ಸಾಕಿತ್ತು. ಹೆಸರು ಉಳಿಯುತ್ತಿತ್ತು. ಅವಳು ಬದುಕಿರುವಷ್ಟು ಕಾಲ ಆ ಸಾವನ್ನು ತಾನೇ ಹೊರುತ್ತಿದ್ದಳು. ಅವನು ಮಂಚದ ಕಬ್ಬಿಣವನ್ನು ಹಿಡಿದುಕೊಂಡ.

"ಅಲ್ಲ ತಂಗಿ. ಯಾವ ಪೆಲೆಟ್ಟಿನ ದೋಷವೂ ಅಲ್ಲ. ಕೊಳವೆಗೆ ಬಿರುಕಿತ್ತು. ಮುಚ್ಚಿದ ಕೋಣೆಯಲ್ಲಿ ಅದು ಕೊಲ್ಲುತ್ತದೆಂದು ನನಗೆ ಗೊತ್ತಿತ್ತು."

ಅವಳು ಮಾತು ಅರ್ಥವಾಗದವಳಂತೆ ಅವನನ್ನೇ ನೋಡಿದಳು.

"ಗೊತ್ತಿತ್ತೇ?" ಎಂದಳು.

ಅಷ್ಟೇ. ಗೋಡೆಯ ಕಡೆಗೆ ಮಗ್ಗುಲಾದಳು. ಅವನು ಅಲ್ಲಿಂದ ನೇರ ಪೊಲೀಸ್ ಠಾಣೆಗೆ ಹೋಗಿ ಎಲ್ಲವನ್ನೂ ಹೇಳಿ ಕೂತ. ಶಿಕ್ಷೆ ಮುಗಿಸಿ ಹೊರಬಂದ ಮೇಲೆ ಮತ್ತೆ ಪೇಡೆ ಮಾಡಿದ, ಮಾರಿದ. ಜನ ಕೊಂಡರು ಕೂಡ. ಆದರೆ ಆ ಊರಿನಲ್ಲಿ ಅವನನ್ನು ಸತ್ಯವಂತನೆಂದು ಯಾರಾದರೂ ಕರೆದರೆ ಎದ್ದು ಒಳಗೆ ಹೋಗಿಬಿಡುತ್ತಿದ್ದ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನ ಮುಖ ಬಿಳಚಿಕೊಂಡಿತ್ತು. ಆದರೂ ಅವನು ಬಿಡಲಿಲ್ಲ.

"ಅವಳು ಕೇಳಿಯೇ ಇರಲಿಲ್ಲವಲ್ಲ, ಗುರುಗಳೇ?"

ಗುರುಗಳು ಅವನ ಕಣ್ಣನ್ನೇ ನೋಡಿದರು.

"ಮಗೂ, ಯಾರೂ ಕೇಳಲಿಲ್ಲವೆಂದು ನೀನು ಹೇಳದೆ ಬಂದ ಮಾತು ಯಾವುದು?"