ಹಳ್ಳದಡಿಯ ಬಿಲ

ಹಳ್ಳದ ತಳದಡಿಗೇ ಬಿಲ ತೋಡಲು ಹೊರಟ ಹೆಗ್ಗಣದ ಬಾಲವನ್ನು ಮುದಿ ಏಡಿ ಕೊಂಡಿಯಲ್ಲಿ ಬಿಗಿಯಾಗಿ ಹಿಡಿಯಿತು.

“ಏಡಿಯಜ್ಜಿ, ನಾನು ಅಗೆಯುವುದು ಕೆಳಗಿನ ಮಣ್ಣು. ಮೇಲಿನ ನೀರಿನ ಗೊಡವೆ ನನಗೇಕೆ? ಹಳ್ಳ ಬತ್ತಿದರೆ ನಾನೇ ನೀರು ತಂದು ಹೊಯ್ಯುತ್ತೇನೆ” ಎಂದಿತು ಹೆಗ್ಗಣ.

ತಾನೂ ಬಿಲ ತೋಡಿಯೇ ಬದುಕಿದ ಏಡಿಗೆ ಅದು ನ್ಯಾಯವೆನಿಸಿತು. ಹಿಡಿದದ್ದನ್ನು ಎಂದೂ ಬಿಡದ ಕೊಂಡಿ ಅಂದು ಸಡಿಲಿತು.

ಬೇಸಿಗೆಗೆ ಮೊದಲೇ ಹಳ್ಳ ಬತ್ತಿ ಬಿರುಕುಬಿಟ್ಟಿತು. ಏಡಿ ಕೂಗಿದಾಗ ಹೆಗ್ಗಣ ಬಿಲದ ಆಳದಿಂದ ಬಾಯ್ತುಂಬ ನೀರು ತಂದು ಉಗುಳಿತು. ನೀರಿನೊಂದಿಗೆ ಏಡಿಯ ಸತ್ತ ಮರಿಯೊಂದು ಬಿತ್ತು. ನೀರು ಬಿರುಕಿನಲ್ಲಿಳಿದು ಮತ್ತೆ ಬಿಲವನ್ನೇ ಸೇರಿತು.

“ಇದು ನಮ್ಮ ಹಳ್ಳದ್ದೇ ನೀರಲ್ಲವೇನೋ!”

“ಯಾವುದಾದರೇನಜ್ಜಿ? ಕೊಟ್ಟ ಮಾತು ನಡೆಸಿದ್ದೇನೆ” ಎಂದು ಹೆಗ್ಗಣ ತಿರುಗಿತು.

ಏಡಿಯ ಕೊಂಡಿ ಮತ್ತೆ ಬಿಗಿಯಿತು. ಬಾಲ ಆಗಲೇ ಬಿಲದೊಳಗಿತ್ತು.