ಬಿಸ್ಕತ್ ಡಬ್ಬಿ ಮುಚ್ಚಳದ ರಾಜಕುಮಾರ

ಒಂದಾನೊಂದು ಕಾಲದಲ್ಲಿ, ನಮ್ಮಜ್ಜಿಯ ಅಜ್ಜಿಗೂ ಹಲ್ಲು ಬರೋದಕ್ಕೆ ಮುಂಚೆ, ಡೆನ್ಮಾರ್ಕ್ ಅನ್ನೋ ದೇಶದಲ್ಲಿ ಒಬ್ಬ ರಾಜ, ಒಬ್ಬಳು ರಾಣಿ ಇದ್ರಂತೆ. ಅಲ್ಲಿ ಎಂಥ ಚಳಿ ಅಂದ್ರೆ ಕಡಲೇ ಗಟ್ಟಿಯಾಗಿ ಹಡಗೆಲ್ಲ ನಿಂತಲ್ಲೇ ನಿಂತುಬಿಡ್ತಿದ್ವಂತೆ. ಸರಿಯಾಗಿ ಹೊದ್ದುಕೋ. ನಾನು ಸೂಜಿ-ದಾರ ಇಡೋ ಹಳೇ ಬಿಸ್ಕತ್ ಡಬ್ಬಿ ಮುಚ್ಚಳದ ಮೇಲೆ ಉದ್ದ ಲಂಗ ಹಾಕ್ಕೊಂಡು ನಿಂತಿದೆಯಲ್ಲ ಮಗು, ಅದು ಅವರದೇ. ಹುಡುಗಿ ಅಲ್ಲ ಕಣೇ, ಹುಡುಗ! ಅಲ್ಲಿ ಗಂಡುಮಕ್ಕಳಿಗೂ ಆರು ವರ್ಷದವರೆಗೆ ಲಂಗವೇ ಅಂತೆ. ನಗಬೇಡ, ನಿಮ್ಮಪ್ಪನಿಗೂ ನಾನು ಲಂಗ ತೊಡಿಸಿ, ಮೊಗ್ಗಿನ ಜಡೆ ಹಾಕಿ ಫೋಟೊ ತೆಗೆಸಿಲ್ವಾ?

ಆ ರಾಣಿಗೆ ಮೂರು ಮಕ್ಕಳಾದ್ವಂತೆ. ಮೊದಲನೇದು ಜ್ವರ ಬಂದು ಹೋಯ್ತು, ಎರಡನೇದೂ ಹಾಗೇ ಹೋಯ್ತು. ಆ ಅರಮನೆಯಲ್ಲಿ ಒಂದು ಪದ್ಧತಿ, ಮಗು ತೀರಿಹೋದ್ರೆ ಚಿತ್ರ ಬರೆಯೋರನ್ನ ಕರೆಸಿ, ಕಣ್ಣು ಮುಚ್ಚಿ ಮಲಗಿರೋ ಹಾಗೇ ಬರೆಸಿ ಗೋಡೆಗೆ ಹಾಕೋದು. ಬದುಕಿರೋ ಮಕ್ಕಳನ್ನ ಕಣ್ಣು ಬಿಟ್ಕೊಂಡು ನಿಂತಿರೋ ಹಾಗೆ ಮಾತ್ರ ಬರೆಸ್ತಿದ್ರಂತೆ. ಗೋಡೆ ಮೇಲಿನ ಆ ಎರಡು ಚಿತ್ರ ನೋಡಿ ನೋಡಿ ರಾಣಿ, ಮೂರನೇ ಮಗನ್ನ ಎತ್ತಿಕೊಳ್ಳೋಕೂ ಹೆದರಿ, ದಾದಿ ಕೈಗೆ ಕೊಟ್ಟು ದೂರದೂರವೇ ಇದ್ಲಂತೆ. ಪಾಪ, ಆಸೆ ಇಲ್ಲ ಅಂತಲ್ಲ, ಇದೂ ಕೈಬಿಟ್ಟು ಹೋದ್ರೆ ಅನ್ನೋ ಭಯ.

ಹೀಗಿರೋವಾಗ ಕಡಲಾಚೆಯಿಂದ ರಾಣಿಯ ಅಪ್ಪನ ಓಲೆ ಬಂತಂತೆ. ಹಾಸಿಗೆ ಹಿಡಿದಿದ್ದೀನಿ ಮಗಳೇ, ಮೊಮ್ಮಗನ ಮುಖ ಚಿತ್ರದಲ್ಲಾದ್ರೂ ತೋರಿಸು ಅಂತ. ಕಡಲು ಗಟ್ಟಿಯಾಗೋಕೆ ಮುಂಚೆ ಹೊರಡೋದು ಒಂದೇ ಹಡಗು. ರಾಜ ಚಿತ್ರ ಬರೆಯೋನನ್ನ ಕರೆಸಿದ್ರೆ ಮಗು ಮೇಜಿನ ಕೆಳಗೆ ತೂರಿಕೊಂಡು ಈಚೆಗೇ ಬರಲಿಲ್ಲವಂತೆ. ಆಮೇಲೆ ಇನ್ನೊಬ್ಬ ಬಂದ, ಅವನ ಗಡ್ಡ ನೋಡಿ ಸೂರು ಹಾರಿಹೋಗೋ ಹಾಗೆ ಅತ್ತಿತಂತೆ. ಆಮೇಲೆ ಮಾರೆನ್ ಅನ್ನೋಳು ಬಂದ್ಲು. ಅವಳ ಗಂಡ ಅರಮನೆಗೆ ಚಿತ್ರ ಬರೀತಿದ್ದೋನು, ಅವನು ಹೋದ ಮೇಲೆ ಕುಂಚ ಇವಳೇ ಹಿಡಿದಿದ್ಲು.

ಹಡಗು ಹೊರಡೋಕೆ ಎರಡೇ ದಿನ. ಮಗು ನಿಲ್ಲಲ್ಲ, ಕೂರಲ್ಲ, ಬಾಗಿಲಿಗೇ ಓಡತ್ತೆ. ಓಡಿ ಓಡಿ ಸುಸ್ತಾಗಿ, ಮಟಮಟ ಮಧ್ಯಾಹ್ನ ಅರಮನೆಯ ದೊಡ್ಡ ನಾಯಿಗೆ ಒರಗಿಕೊಂಡು ನಿದ್ದೆ ಹೋಯ್ತಂತೆ. ಮಾರೆನ್‌ಗೆ ಹೋದ ಜೀವ ಬಂದ ಹಾಗಾಯ್ತು. ಮೂಗು, ಬಾಯಿ, ಕೆನ್ನೆಯಾದ್ರೂ ಆಗಲಿ ಅಂತ ಇದ್ದ ಹಾಗೇ, ಕಣ್ಣು ಮುಚ್ಚಿದ ಹಾಗೇ ಚಿತ್ರದ ಹಲಗೆ ಮೇಲೆ ಬರೆದುಬಿಟ್ಲು. ಪದ್ಧತಿ ಗೊತ್ತಿಲ್ಲದೆ ಅಲ್ಲ, ಆತುರದಲ್ಲಿ ಮರೆತೇ ಹೋಯ್ತು. ಬಣ್ಣ ಕಲಸೋಕೆ ಎಣ್ಣೆ ತರ್ತೀನಿ ಅಂತ ಪಕ್ಕದ ಕೋಣೆಗೆ ಹೋದ್ಲಂತೆ.

ಅಷ್ಟರಲ್ಲಿ ರಾಣಿ ಬಾಗಿಲಲ್ಲಿ ಇಣುಕಿದ್ಲು. ನೋಡ್ತಾಳೆ, ಹಲಗೆ ಮೇಲೆ ಮಗ ಕಣ್ಣು ಮುಚ್ಚಿದ್ದಾನೆ! ಇವನೂ ಹೋದನಾ ಅಂತ ಚಿಟ್ಟನೆ ಚೀರಿ ಕುಸಿದುಬಿದ್ಲಂತೆ. ಮಾರೆನ್ ಓಡಿಬಂದ್ಲು, ಅಯ್ಯೋ ನಾನೆಂಥ ಕೆಲಸ ಮಾಡಿದೆ ಅಂತ ಹಲಗೆಯನ್ನ ಗೋಡೆ ಕಡೆ ತಿರುಗಿಸಿದ್ಲು. ಆ ಚೀರಾಟಕ್ಕೆ ನಾಯಿ ಹಿಂದೆ ಮಲಗಿದ್ದ ಮಗು ಎದ್ದು ಹೋ ಅಂತ ಅಳೋಕೆ ಶುರುಮಾಡ್ತು. ರಾಣಿ ಅದನ್ನ ಬಾಚಿ ತಬ್ಬಿಕೊಂಡು, ಅಳು ಕಂದ, ಇನ್ನೂ ಜೋರಾಗಿ ಅಳು ಅಂತ ತಾನೂ ಅತ್ಲಂತೆ. ಎಷ್ಟು ದಿನದ ಭಯವೋ, ಎಲ್ಲ ಹರಿದುಹೋಯ್ತು.

ರಾಜ ಬಂದು, ಇಂಥ ಅಪಶಕುನ ಬರೆದೋಳು ಊರಲ್ಲಿರಕೂಡದು ಅಂದ. ರಾಣಿ ಮಾತ್ರ, ಸುಮ್ನಿರಿ, ಇವಳಿಂದಲೇ ನನ್ನ ಮಗ ನನ್ನ ತೋಳಿಗೆ ಬಂದ ಅಂದ್ಲಂತೆ. ಆಮೇಲೆ ಮಗನ್ನ ಕೆಳಗಿಳಿಸಿದ್ರೆ ಓಡಲೇ ಇಲ್ಲ! ಅಮ್ಮನ ಹಸಿರು ಲಂಗದ ಅಂಚು ಮುಷ್ಟಿಯಲ್ಲಿ ಹಿಡಿದು, ಅವಳ ಮುಖವನ್ನೇ ನೋಡ್ತಾ ಕಂಬದ ಹಾಗೆ ನಿಂತನಂತೆ. ಇಷ್ಟು ಹೊತ್ತೂ ಬಾಗಿಲಿಗೆ ಓಡ್ತಿದ್ದಿದ್ದು ಆಚೆ ಸುಳಿದಾಡೋ ಅಮ್ಮನ ಹೆಜ್ಜೆ ಸಪ್ಪಳ ಕೇಳಿ ಅಂತ ಮಾರೆನ್‌ಗೆ ಆಗ ಗೊತ್ತಾಯ್ತು. ಬೇರೆ ಹಲಗೆ ತಗೊಂಡು ಒಂದೇ ಸಮ ಬರೆದ್ಲು. ಬಣ್ಣ ಹಸಿ ಇರೋವಾಗಲೇ ಚಿತ್ರ ಹಡಗು ಹತ್ತಿತು. ಅದನ್ನ ನೋಡಿ ರಾಣಿಯ ಅಪ್ಪ ಎದ್ದು ಕೂತು ಗಂಜಿ ಕೇಳಿದನಂತೆ. ಮಲಗಿರೋ ಚಿತ್ರಾನ ರಾಣಿ ತನ್ನ ಮಂಚದ ಹತ್ತಿರವೇ ಇಟ್ಕೊಂಡ್ಲು. ಈಗ ಅದು ನಿದ್ದೆ ಮಾಡ್ತಿರೋ ಮಗು, ಅಷ್ಟೇ.

ನಾಳೆ ಮುಚ್ಚಳ ನೋಡು, ಆ ನಿಂತಿರೋ ಚಿತ್ರವೇ ಅದು, ಮುಷ್ಟಿಯಲ್ಲಿ ಹಸಿರು ಅಂಚು ಕಾಣತ್ತೆ. ನೀನೀಗ ನನ್ನ ಸೆರಗು ಹಿಡ್ಕೊಂಡಿಲ್ವಾ, ಹಾಗೇ. ಅವರು ಅಲ್ಲಿ ಸುಖವಾಗಿದ್ರು, ನಾವು ಇಲ್ಲಿ ಬೆಚ್ಚಗಿದ್ದೀವಿ, ಕತೆ ಇಲ್ಲಿಗೆ ಮುಗೀತು. ಇನ್ನು ಧೈರ್ಯವಾಗಿ ಕಣ್ಣು ಮುಚ್ಚು ಕಂದ, ನಾನು ಇಲ್ಲೇ ಇದ್ದೀನಿ.