ತೊಂಬತ್ತು ದಿನದ ಸುಣ್ಣ

ಚೈತ್ರ ಬಹುಳ ಪಂಚಮಿ, ಬುಧವಾರ. ಬೆಳಗಿನಿಂದ ಗಾಳಿ ಇರಲಿಲ್ಲ. ಬಿಸಿಲು ಬಲವಾಗಿತ್ತು.

ಮಠದ ಕಲ್ಯಾಣಿ ಬತ್ತಿ ಹದಿನೈದು ದಿನವಾಗಿತ್ತು. ಶಿಷ್ಯ ಅಡವಯ್ಯ ಗುರುಗಳ ಎದುರು ಕುಳಿತು ಕೇಳಿದ:

“ಗುರುಗಳೇ, ಬೆಂಕಿ, ಗಾಳಿ, ನೀರು, ಮಣ್ಣು, ಇವುಗಳ ಭೂತಗಳನ್ನು ಕರೆದು ಕೆಲಸ ಮಾಡಿಸಿಕೊಳ್ಳುವ ವಿದ್ಯೆಯೊಂದಿದೆ. ಹಳೆಯ ಓಲೆಗಳಲ್ಲಿ ಓದಿದ್ದೇನೆ. ಅದರ ಗೊಡವೆಗೆ ಹೋಗಬೇಡ ಎಂದು ನೀವು ಹೇಳಿದಿರಿ. ಅವು ಬೆಲೆ ಕೇಳುತ್ತವೆ ಎಂಬುದು ನನಗೂ ಗೊತ್ತು. ಆ ಬೆಲೆ ಎಷ್ಟೇ ಇರಲಿ, ನಾನೊಬ್ಬನೇ ತೆರುತ್ತೇನೆ ಎಂದು ಮನಸ್ಸು ಗಟ್ಟಿ ಮಾಡಿಕೊಂಡವನು ಬೇಡಿದರೆ ತಪ್ಪೇನು?”

ಗುರುಗಳು ಅವನ ಮಾತನ್ನು ಪೂರ್ತಿ ಕೇಳಿದರು. ಆಮೇಲೆ ಈ ಕತೆ ಹೇಳಿದರು.

ಒಂದೂರಿನಲ್ಲಿ ಸುಣ್ಣ ಸುಡುವವನೊಬ್ಬನಿದ್ದ. ಸುತ್ತಲ ಊರುಗಳಿಗೆಲ್ಲ ಅವನೊಬ್ಬನೇ ಸುಣ್ಣಗಾರ. ಹೆಂಡತಿ ತೀರಿಹೋಗಿದ್ದಳು. ಒಬ್ಬಳೇ ಮಗಳು. ಅವಳನ್ನು ಮೂರು ದಿನದ ಹಾದಿಯ ಊರಿಗೆ ಕೊಟ್ಟಿದ್ದ.

ಆ ಕಾಲದಲ್ಲಿ ಪ್ರತಿಯೊಂದು ಸುಣ್ಣದ ಗೂಡಿನ ಬಳಿ ನಾಲ್ಕು ಭೂತಗಳು ಇರುತ್ತಿದ್ದವು. ಕಲ್ಲನ್ನು ಸುಡುವುದು ಬೆಂಕಿಯ ಭೂತ. ಉರಿಯನ್ನು ಮೇಲಕ್ಕೆಳೆಯುವುದು ಗಾಳಿಯ ಭೂತ. ಸುಟ್ಟ ಕಲ್ಲನ್ನು ಅರಳಿಸುವುದು ನೀರಿನ ಭೂತ. ಅರಳಿದ ಸುಣ್ಣವನ್ನು ಗುಂಡಿಯಲ್ಲಿ ಇಟ್ಟುಕೊಂಡು ಹದ ಮಾಡುವುದು ಮಣ್ಣಿನ ಭೂತ. ಸುಣ್ಣಗಾರರು ಅವನ್ನು ಕಣ್ಣಾರೆ ಕಾಣುತ್ತಿದ್ದರು, ಮಾತಾಡಿಸುತ್ತಿದ್ದರು. ಆದರೆ ಏನನ್ನೂ ಬೇಡುತ್ತಿರಲಿಲ್ಲ. ಏಳು ದಿನ ಉರಿ, ತೊಂಬತ್ತು ದಿನ ಗುಂಡಿ, ಇದು ವಾಡಿಕೆ. ವಾಡಿಕೆಯಂತೆ ನಡೆದವನು ಯಾರಿಗೂ ಏನನ್ನೂ ಕೊಡಬೇಕಾಗಿರಲಿಲ್ಲ.

ಅವರಲ್ಲಿ ಇನ್ನೊಂದು ಕ್ರಮವಿತ್ತು. ಈ ವರ್ಷ ಸುಟ್ಟ ಸುಣ್ಣವನ್ನು ಈ ವರ್ಷ ಯಾರೂ ಬಳಸುತ್ತಿರಲಿಲ್ಲ. ಗುಂಡಿಯಲ್ಲಿ ಹಳೆಯ ಸುಣ್ಣ ಇದ್ದೇ ಇರುತ್ತಿತ್ತು. ಅದನ್ನು ತೆಗೆದು ಕೊಡುವುದು, ಹೊಸದನ್ನು ತುಂಬಿಡುವುದು. ತಂದೆ ತುಂಬಿಟ್ಟದ್ದು ಮಗನಿಗೆ ಬರುತ್ತಿತ್ತು.

ಈ ಸುಣ್ಣಗಾರ ಒಂದು ತಪ್ಪು ಮಾಡಿದ. ಮಗಳ ಮದುವೆಯಲ್ಲಿ ತನ್ನ ಮನೆಗೆ ಸುಣ್ಣ ಬಳಿದ. ಪಕ್ಕದ ಮನೆಗೆ ಬಳಿದ. ಸಂತೋಷ ತಡೆಯಲಾರದೆ ಇಡೀ ಬೀದಿಗೆ ಬಳಿದ. ಬೀಗರು ಬಂದಾಗ ಬೀದಿ ಹಾಲು ಚೆಲ್ಲಿದ ಹಾಗೆ ಕಾಣಬೇಕು ಎಂಬುದು ಅವನ ಆಸೆ. ಹಾಗೆಯೇ ಕಂಡಿತು. ತಂದೆಯ ಕಾಲದ ಗುಂಡಿ ಬರಿದಾಯಿತು. ನಾಳೆ ತುಂಬಿದರಾಯಿತು ಎಂದುಕೊಂಡ. ತುಂಬಲಿಲ್ಲ.

ಮರುವರ್ಷ ಬೇಸಿಗೆಯಲ್ಲಿ ಊರ ಕೆರೆಯ ತೂಬಿನ ಗೋಡೆ ಕುಸಿಯಿತು. ಮಳೆಗಾಲಕ್ಕೆ ಒಂದು ತಿಂಗಳಿತ್ತು. ಅಷ್ಟರೊಳಗೆ ಗೋಡೆ ಏಳದಿದ್ದರೆ ಕೆರೆಯಲ್ಲಿ ನೀರು ನಿಲ್ಲುವುದಿಲ್ಲ. ನೀರು ನಿಲ್ಲದಿದ್ದರೆ ಊರಿಗೆ ಆ ವರ್ಷ ಬೆಳೆಯಿಲ್ಲ. ಊರಿನ ಹಿರಿಯರು ಸುಣ್ಣಗಾರನ ಮನೆಗೆ ಬಂದರು. ಅವನು ಆಗಲಿ ಎಂದ. ಗುಂಡಿ ಬರಿದಾಗಿದೆ ಎಂದು ಹೇಳಲು ನಾಚಿಕೆಯಾಯಿತು.

ಅದೇ ವಾರ ಒಬ್ಬ ಕಂಬಳಿ ಮಾರುವವನು ಬಂದ. ಅವನು ವರ್ಷಕ್ಕೆ ಎರಡು ಸಲ ಆ ದಾರಿಯಲ್ಲಿ ತಿರುಗುವವನು. ಮಗಳ ಊರಿನಿಂದ ಸುದ್ದಿ ತಂದಿದ್ದ.

“ಅಣ್ಣ, ಮಗಳು ಬಸುರಿ. ಏಳನೆಯ ತಿಂಗಳು ಬರುವ ಅಮಾವಾಸ್ಯೆಗೆ ತುಂಬುತ್ತದೆ. ಅಷ್ಟರೊಳಗೆ ಬಂದು ಕರೆದುಕೊಂಡು ಹೋಗಬೇಕಂತೆ. ಎಂಟಕ್ಕೆ ಬಿದ್ದರೆ ಅವರು ಕಳಿಸುವುದಿಲ್ಲ.”

ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು. ತವರಿನವರು ಬಂದು ಕರೆಯಬೇಕು. ಕರೆಯದೆ ಹೆಣ್ಣು ತಾನಾಗಿ ಬರುವ ಹಾಗಿಲ್ಲ. ಅವಳಿಗೆ ತಾಯಿಯಿಲ್ಲ, ಅಣ್ಣತಮ್ಮಂದಿರಿಲ್ಲ. ಕರೆಯಬೇಕಾದವನು ಇವನೊಬ್ಬನೇ. ಅಮಾವಾಸ್ಯೆಗೆ ಇಪ್ಪತ್ತೈದು ದಿನವಿತ್ತು.

ಆ ದಿನ ಸುಣ್ಣಗಾರ ಗೂಡಿನ ಮುಂದೆ ನಿಂತು ತನ್ನ ಜನ ಯಾರೂ ಬೇಡದಿದ್ದುದನ್ನು ಬೇಡಿದ. “ಏಳು ದಿನದ ಉರಿ ಒಂದು ದಿನದಲ್ಲಿ ಆಗಬೇಕು” ಎಂದ.

ಬೆಂಕಿಯ ಭೂತ ನಕ್ಕಿತು. “ಏನಯ್ಯಾ ಇದು! ಪ್ರತಿ ಸಲ ಏಳು ದಿನ ನನ್ನ ಮುಂದೆ ಕೂತು ತೂಕಡಿಸುತ್ತಿದ್ದೆ. ಈ ಸಲ ಬಾಲಕ್ಕೆ ನನ್ನನ್ನೇ ಕಟ್ಟಿಕೊಂಡವನ ಹಾಗೆ ಕುಣಿಯುತ್ತಿದ್ದೀಯಲ್ಲ?”

“ಬೆಲೆ ಹೇಳು. ಕೊಡುತ್ತೇನೆ.”

“ಅಂಗಳದಲ್ಲಿರುವ ಕಟ್ಟಿಗೆ ಎಲ್ಲ.”

ಮೂರು ವರ್ಷ ಕಡಿದು ಒಣಗಿಸಿದ ಕಟ್ಟಿಗೆ. ಕೊಟ್ಟ. ಕಲ್ಲು ಒಂದೇ ದಿನದಲ್ಲಿ ಬೆಂದಿತು.

ಆ ಉರಿಯನ್ನು ಎಳೆದದ್ದಕ್ಕೆ ಗಾಳಿಯ ಭೂತ ಮನೆಯ ಸೂರನ್ನು ಕೇಳಿತು. ಕೊಟ್ಟ. ಹೊದಿಸಿದ ಹುಲ್ಲು ಗೂಡಿನ ಮೇಲೆ ಸುತ್ತಿ ಹಾರಿಹೋಯಿತು. ನೀರಿನ ಭೂತ ಹಿತ್ತಿಲ ಬಾವಿಯನ್ನು ಕೇಳಿತು. ಅದನ್ನೂ ಕೊಟ್ಟ. ಬಾವಿಯ ನೀರೆಲ್ಲ ಒಮ್ಮೆಗೇ ಏರಿ ಬಂದು ಸುಟ್ಟ ಕಲ್ಲಿನ ರಾಶಿಯನ್ನು ಅರಳಿಸಿತು. ಬಾವಿಯಲ್ಲಿ ಮತ್ತೆ ನೀರು ಊರಲಿಲ್ಲ.

ಸುಣ್ಣಗಾರನಿಗೆ ದುಃಖವಾಗಲಿಲ್ಲ. ಬಿಸಿಲಲ್ಲಿ ಮಲಗುತ್ತೇನೆ, ದೂರದಿಂದ ನೀರು ಹೊರುತ್ತೇನೆ, ನನ್ನ ಮೈ ತಾನೆ ಎಂದುಕೊಂಡ.

ಸುಣ್ಣವನ್ನು ಗುಂಡಿಗೆ ಇಳಿಸಿದ. ಗುಂಡಿಯ ಅಂಚಿನಲ್ಲಿ ಮಣ್ಣಿನ ಭೂತ ಮುದುಕಿಯ ರೂಪದಲ್ಲಿ ಕುಳಿತಿತ್ತು.

“ಅಜ್ಜಿ, ನಿನಗೇನು ಕೊಡಲಿ?”

“ತೊಂಬತ್ತು ದಿನ.”

“ಬೇರೆ ಏನಾದರೂ ಕೇಳು.”

“ಬೇರೆ ಏನನ್ನೂ ಕೇಳಲು ನನಗೆ ಬರುವುದಿಲ್ಲ ಕಣಪ್ಪ. ಹೊರಗೆ ಅರಳಿದ ಕಲ್ಲು ಒಳಗೂ ಅರಳಬೇಕಲ್ಲ. ಒಂದೊಂದು ಹರಳೂ ತನ್ನ ಹೊತ್ತಿಗೆ ಅರಳುತ್ತದೆ. ನಾನು ಸುಮ್ಮನೆ ಹಿಡಿದುಕೊಂಡಿರುತ್ತೇನೆ, ಅಷ್ಟೆ.”

“ನನ್ನ ಹತ್ತಿರ ಇರುವುದು ಒಂಬತ್ತೇ ದಿನ. ಗೋಡೆ ಕಟ್ಟಬೇಕು, ಮಗಳನ್ನು ಕರೆತರಬೇಕು. ಉಳಿದದ್ದನ್ನು ಆಮೇಲೆ ತೆಗೆದುಕೋ. ಏನಿದ್ದರೂ ನಾನು ತೆರುತ್ತೇನೆ.”

ಮುದುಕಿ ಅವನ ಮುಖ ನೋಡಿದಳು. ಹೂಂ ಎನ್ನಲಿಲ್ಲ. ಊಹೂಂ ಎಂದೂ ಅನ್ನಲಿಲ್ಲ.

ಒಂಬತ್ತು ದಿನಕ್ಕೆ ಗುಂಡಿಯನ್ನು ತೆಗೆದ. ಸುಣ್ಣ ಬೆಣ್ಣೆಯ ಹಾಗೆ ಕಂಡಿತು. ಗಾರೆ ಅರೆದರು. ಹತ್ತು ದಿನದಲ್ಲಿ ಗೋಡೆ ಎದ್ದಿತು. ಮರುದಿನವೇ ಮಳೆ ಬಂತು. ಕೆರೆಗೆ ನೀರು ಬಂತು. ಗೋಡೆ ಅಲುಗಲಿಲ್ಲ. ಊರಿನವರು ಅವನಿಗೆ ಹೊಸ ರುಮಾಲು ಸುತ್ತಿದರು. ಅವನು ಬುತ್ತಿ ಕಟ್ಟಿಕೊಂಡು ಮಗಳ ಊರಿಗೆ ಹೊರಟ.

ಕೆರೆಯ ಏರಿಯ ಮೇಲೆ ಹೋಗುವಾಗ ಚಿಟ್ ಎಂದು ಸದ್ದಾಯಿತು. ಬಾಣಲೆಯಲ್ಲಿ ಕಡಲೆ ಸಿಡಿದ ಹಾಗೆ. ಇಳಿದು ಹೋಗಿ ನೋಡಿದ. ಗೋಡೆಯಲ್ಲಿ ಒಂದು ಗುಳ್ಳೆ ಎದ್ದು ಒಡೆದಿತ್ತು. ಒಳಗೆ ಅರಳದೆ ಉಳಿದ ಹರಳೊಂದು ಈಗ ನೀರು ಕುಡಿದು ಉಬ್ಬಿತ್ತು. ಬಿರುಕಿನಲ್ಲಿ ನೀರು ಜಿನುಗುತ್ತಿತ್ತು.

ಬುತ್ತಿಯನ್ನು ಕೆಳಗಿಟ್ಟ. ಆ ಜಾಗ ಕೆತ್ತಿ ಗಾರೆ ತುಂಬಿದ. ಅಂಗೈಯನ್ನು ಗೋಡೆಗೆ ಒತ್ತಿ ನೋಡಿದ. ಅಲ್ಲಲ್ಲಿ ಬೆಚ್ಚಗಿತ್ತು. ಅರಳಲಿರುವ ಹರಳು ಮೊದಲು ಕಾವು ಕೊಡುತ್ತದೆ. ಆ ಕಾವು ಸುಣ್ಣಗಾರನ ಅಂಗೈಗೆ ಮಾತ್ರ ತಿಳಿಯುತ್ತದೆ. ಬೇರೆಯವರನ್ನು ನಿಲ್ಲಿಸಿ ಹೋಗುವ ಹಾಗಿರಲಿಲ್ಲ. ಊರಿನವರಿಗೆ ಹೇಳಿದರೆ ಕೆರೆ ಖಾಲಿ ಮಾಡಿ ಗೋಡೆ ಕೆಡವಬೇಕಾಗುತ್ತಿತ್ತು. ಹೇಳಲಿಲ್ಲ. ಇನ್ನು ನಾಲ್ಕೈದು ಹರಳು ಇರಬಹುದು ಎಂದುಕೊಂಡ.

ದಾರಿಹೋಕರೊಬ್ಬರ ಕೈಯಲ್ಲಿ ಮಗಳಿಗೆ ಹೇಳಿ ಕಳಿಸಿದ: ಅಮಾವಾಸ್ಯೆ ದಾಟಿದರೂ ಕಾಯುತ್ತಿರು, ಹತ್ತು ದಿನದಲ್ಲಿ ಬರುತ್ತೇನೆ.

ಅಮಾವಾಸ್ಯೆ ಕಳೆಯಿತು. ಹತ್ತು ದಿನವೂ ಕಳೆಯಿತು. ದಿನಕ್ಕೊಂದು ಹರಳು ಸಿಡಿಯುತ್ತಿತ್ತು. ಕೆಲವು ದಿನ ಎರಡು. ಎರಡು ದಿನ ಏನೂ ಸಿಡಿಯದಿದ್ದರೆ ಬುತ್ತಿ ಕಟ್ಟುತ್ತಿದ್ದ. ಮೂರನೆಯ ದಿನ ಬಿಚ್ಚುತ್ತಿದ್ದ.

ಮಳೆಗಾಲ ಮುಗಿದ ಮೇಲೆ ಕಂಬಳಿಯವನು ಬಂದ. ಸುಣ್ಣಗಾರ ಗೋಡೆಗೆ ಕೈಯಿಟ್ಟು ಕುಳಿತಿದ್ದುದನ್ನು ಕಂಡು ಸಿಟ್ಟಾದ.

“ಅಲ್ಲಣ್ಣ, ಮಗಳ ಬಾಣಂತನ ಬಿಟ್ಟು ಗೋಡೆಯ ಬಾಣಂತನ ಮಾಡುತ್ತಿದ್ದೀಯಾ? ಅವಳು ಸೀರೆಯ ಗಂಟು ಕಟ್ಟಿಕೊಂಡು ಒಂದು ತಿಂಗಳು ಹೊಸ್ತಿಲ ಮೇಲೆ ಕೂತಿದ್ದಳು. ಅಲ್ಲೇ ಹೆರಿಗೆಯಾಯಿತು. ಹೆಣ್ಣುಮಗು.”

“ಅವಳು ಏನಂದಳು?”

“ಅಪ್ಪ ಯಾವಾಗ ಬರುತ್ತಾನೆ ಅಂದಳು.”

“ಹತ್ತು ದಿನದಲ್ಲಿ ಬರುತ್ತೇನೆ ಅನ್ನು.”

ಎರಡನೆಯ ವರ್ಷವೂ ಅವಳು ಕೇಳಿ ಕಳಿಸಿದಳು. ಇವನೂ ಅದೇ ಮಾತು ಹೇಳಿ ಕಳಿಸಿದ. ಮೂರನೆಯ ವರ್ಷ ಕಂಬಳಿಯವನು ಬಂದು, “ಇನ್ನು ಸುದ್ದಿ ತರಬೇಡ ಅಂದಳು ಅಣ್ಣ” ಎಂದ. ಹೆಚ್ಚು ಮಾತಾಡದೆ ಹೊರಟುಹೋದ. ಸಿಟ್ಟಾಗಿದ್ದಾಳೆ, ಹೋದಾಗ ಕಾಲು ಹಿಡಿದಾದರೂ ಕರೆತರುತ್ತೇನೆ ಎಂದುಕೊಂಡ ಸುಣ್ಣಗಾರ.

ಹೀಗೆ ಹನ್ನೊಂದು ವರ್ಷವಾಯಿತು. ಹರಳುಗಳು ತಿಂಗಳಿಗೊಂದಾದವು. ಆಮೇಲೆ ವರ್ಷಕ್ಕೊಂದಾದವು. ಹನ್ನೊಂದನೆಯ ಮಳೆಗಾಲದಲ್ಲಿ ಒಂದೂ ಸಿಡಿಯಲಿಲ್ಲ. ಅಂಗೈಗೆ ಎಲ್ಲಿಯೂ ಬಿಸಿ ತಾಗಲಿಲ್ಲ. ಮುದುಕಿ ಏರಿಯ ಕೆಳಗೆ ಕುಳಿತಿದ್ದಳು.

“ಇನ್ನು ಹೋಗಪ್ಪ,” ಎಂದಳು. “ಗೋಡೆ ಹದವಾಯಿತು. ಇನ್ನು ನೂರು ವರ್ಷ ಯಾರೂ ನೋಡಬೇಕಾಗಿಲ್ಲ.”

ಮೂರು ದಿನ ನಡೆದು ಮಗಳ ಊರು ಸೇರಿದ. ಬಾಗಿಲಲ್ಲಿ ಒಬ್ಬ ಹುಡುಗಿ ಅವರೆಕಾಯಿ ಸುಲಿಯುತ್ತಿದ್ದಳು. ಹನ್ನೊಂದು ವರ್ಷದವಳು. ತಲೆಯೆತ್ತಿ, “ಯಾರು ಬೇಕಾಗಿತ್ತು ಅಜ್ಜ?” ಎಂದಳು.

ಅವನು ಉತ್ತರ ಹೇಳುವ ಮೊದಲೇ ಮಗಳು ಹೊರಗೆ ಬಂದಳು. ಅವನನ್ನು ನೋಡಿದಳು. ಒಳಗೆ ಹೋಗಿ ತಂಬಿಗೆಯಲ್ಲಿ ನೀರು ತಂದಳು.

ಒಳಗಿನಿಂದ ಅತ್ತೆ ಕೂಗಿ ಕೇಳಿದಳು: “ಯಾರೇ ಅದು?”

“ಯಾರೋ ದಾರಿಹೋಕರು ಅತ್ತೆ. ನೀರು ಕೇಳಿದರು.”

ಅವನು ತಂಬಿಗೆ ಹಿಡಿದು ನಿಂತ. ಮಗಳು ದನಿ ತಗ್ಗಿಸಿ ಹೇಳಿದಳು:

“ಮೊದಲ ವರ್ಷ ಇಲ್ಲಿನವರು ಕೇಳಿದರಪ್ಪ, ನಿನ್ನ ತವರಿನವರು ಯಾಕೆ ಬರಲಿಲ್ಲ ಅಂತ. ಎರಡನೆಯ ವರ್ಷ ನಗುವುದಕ್ಕೆ ಶುರು ಮಾಡಿದರು. ನೀರಿಗೆ ಹೋದರೂ ಅದೇ ಮಾತು, ಹೊಲಕ್ಕೆ ಹೋದರೂ ಅದೇ ಮಾತು. ಕರೆಯುವವರಿಲ್ಲದವಳು ಅಂತಲೇ ನನಗೆ ಹೆಸರಾಯಿತು. ಮೂರನೆಯ ವರ್ಷ ನೀನು ತೀರಿಕೊಂಡೆ ಅಂತ ಹೇಳಿದೆ. ತಲೆಗೆ ನೀರು ಹಾಕಿಕೊಂಡೆ. ಸೂತಕ ಕಳೆದೆ. ಅವತ್ತಿನಿಂದ ಯಾರೂ ಏನೂ ಅನ್ನಲಿಲ್ಲ. ಸತ್ತವರನ್ನು ಯಾಕೆ ಬರಲಿಲ್ಲ ಅಂತ ಯಾರೂ ಕೇಳುವುದಿಲ್ಲವಲ್ಲ.”

“ನಿನ್ನನ್ನು ಕರೆದುಕೊಂಡು ಹೋಗುವುದಕ್ಕೇ ಬಂದೆ ಕಣಮ್ಮ.”

“ಎಲ್ಲಿಗಪ್ಪ?” ಎಂದಳು ಮಗಳು.

ಅವನು ನೀರು ಕುಡಿದು ತಂಬಿಗೆಯನ್ನು ಕೆಳಗಿಟ್ಟ.

“ಇವಳ ತಲೆ ಮುಟ್ಟಿ ಹೋಗು,” ಎಂದಳು ಮಗಳು. “ದಾರಿಹೋಕರೂ ಮಕ್ಕಳ ತಲೆ ಮುಟ್ಟುತ್ತಾರೆ.”

ಅವನು ಹುಡುಗಿಯ ತಲೆಯ ಮೇಲೆ ಕೈಯಿಟ್ಟ. ಆಮೇಲೆ ಬಂದ ದಾರಿಯಲ್ಲೇ ತಿರುಗಿ ಹೋದ.

ಗುರುಗಳು ಕತೆ ನಿಲ್ಲಿಸಿದರು.

ಅಡವಯ್ಯ ತಲೆ ತಗ್ಗಿಸಿ ಕುಳಿತಿದ್ದ. ತಲೆಯೆತ್ತಿ ಅಂದ:

“ದೊಡ್ಡ ಬೆಲೆಯೇ ಗುರುಗಳೇ. ಆದರೂ ಅವನು ಆಡಿದ ಮಾತಿಗೆ ತಪ್ಪಲಿಲ್ಲ. ಹನ್ನೊಂದು ವರ್ಷ ಕೊಟ್ಟ, ಮಗಳನ್ನೂ ಕಳೆದುಕೊಂಡ. ಎಲ್ಲವನ್ನೂ ತಾನೇ ತೆತ್ತ.”

ಗುರುಗಳು ಹೇಳಿದರು:

“ಅವನು ಕೊಟ್ಟದ್ದು ಮನೆಯ ಸೂರು, ಅಡವಯ್ಯ. ತವರನ್ನು ತೆತ್ತವಳು ಮಗಳು. ಅವಳನ್ನು ಯಾರೂ ಕೇಳಿರಲಿಲ್ಲ.”